ದೂರಕ್ಕಿಂತ ದಿಕ್ಕು ದೊಡ್ಡದು: ಕಿತ್ತೂರು–ರಾಮದುರ್ಗ ಸೀಮೆಯಲ್ಲಿ ಸೈಕಲ್ಲು ಕಲಿಸಿದ್ದು

ಕಿತ್ತೂರಿನಿಂದ ರಾಮದುರ್ಗದವರೆಗಿನ ಸೈಕಲ್ ದಾರಿ ಮೂರು ತುಂಡಿನದು. ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೊರಟರೆ ಮುಖ ಉತ್ತರಕ್ಕೆ. ಬೈಲಹೊಂಗಲದಿಂದ ಸವದತ್ತಿಗೆ ಮೂಡಣಕ್ಕೆ. ಸವದತ್ತಿಯಿಂದ ರಾಮದುರ್ಗಕ್ಕೆ ಈಶಾನ್ಯಕ್ಕೆ. ಒಟ್ಟು ಸುಮಾರು ನೂರು ಕಿಲೋಮೀಟರು. ನಕಾಶೆ ಹೇಳುವುದು ಇಷ್ಟೇ. ಈ ಸೀಮೆಯಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದ ಮೇಲೆ ತಿಳಿಯುವ ಸಂಗತಿಯೆಂದರೆ, ಇಲ್ಲಿ ದಾರಿಯ ಉದ್ದಕ್ಕಿಂತ ದಾರಿಯ ದಿಕ್ಕು ದೊಡ್ಡದು. ಅದೇ ನೂರು ಕಿಲೋಮೀಟರು ಆಷಾಢದಲ್ಲಿ ಒಂದು ಬಗೆ, ಪುಷ್ಯದಲ್ಲಿ ಇನ್ನೊಂದು ಬಗೆ.

ದಾರಿಯ ಜೊತೆಗೇ ಮಲಪ್ರಭೆ ಸಾಗುತ್ತಾಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48ನ್ನು ದಾಟಿ, ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು, ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು, ರಾಮದುರ್ಗವನ್ನು ಮುಟ್ಟಿ ಕೂಡಲಸಂಗಮದತ್ತ ಹೋಗುತ್ತಾಳೆ. ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವವರು ಅವಳನ್ನು ದಾಟಲೇಬೇಕು. ನದಿ ಹರಿಯುವ ಕಡೆಗೇ ಒಟ್ಟು ನೆಲವೂ ಇಳಿಯುತ್ತದೆ. ಆದರೆ ಈ ಇಳಿಜಾರನ್ನು ನಂಬಿ ಹೊರಡುವಂತಿಲ್ಲ. ದಾರಿ ಹಳ್ಳಕ್ಕೊಮ್ಮೆ ಇಳಿದು ದಿಬ್ಬಕ್ಕೊಮ್ಮೆ ಏರುತ್ತದೆ. ಕಾರಿನಲ್ಲಿ ಕೂತವರಿಗೆ ಸಪಾಟಾಗಿ ಕಾಣುವ ಬೈಲಹೊಂಗಲ ಸುತ್ತಿನ ಬಯಲಿನಲ್ಲಿ ಸೈಕಲ್ ಸವಾರ ಪ್ರತಿ ಹಳ್ಳವನ್ನೂ ಮೊಣಕಾಲಿನಲ್ಲಿ ಎಣಿಸುತ್ತಾನೆ.

ಮಣ್ಣೂ ಹಾದಿಯುದ್ದಕ್ಕೂ ಬದಲಾಗುತ್ತದೆ. ಕಿತ್ತೂರಿನ ಪಡುವಣಕ್ಕೆ ಮಲೆನಾಡಿನ ಅಂಚು ಹತ್ತಿರ. ಮಳೆ ಹೆಚ್ಚು, ಮರ ಹೆಚ್ಚು, ನೆರಳು ಸಿಗುತ್ತದೆ. ಬೈಲಹೊಂಗಲ ಬರುವಷ್ಟರಲ್ಲಿ ಕಪ್ಪು ಎರಿ ಭೂಮಿ. ಹತ್ತಿ, ಜೋಳ, ಕಡಲೆ, ನೀರಿದ್ದಲ್ಲಿ ಕಬ್ಬು. ಸವದತ್ತಿ ದಾಟಿದರೆ ಮರಳುಗಲ್ಲಿನ ಗುಡ್ಡ, ಮಡ್ಡಿ, ಅಲ್ಲಲ್ಲಿ ಕೆಂಪು ಮಸಾರಿ. ನೆರಳು ಅಪರೂಪ, ಬಂಡೆಯಿಂದ ಬರುವ ಝಳವೇ ಬೇರೆ. ಎಷ್ಟು ನೀರು ಒಯ್ಯಬೇಕು, ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದನ್ನು ಈ ಮಣ್ಣಿನ ಬಣ್ಣ ನೋಡಿಯೇ ತೀರ್ಮಾನಿಸಬಹುದು.

ಎಲ್ಲಕ್ಕಿಂತ ಮೇಲಿನ ಮಾತು ಗಾಳಿಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣದಿಂದ, ನೈಋತ್ಯದಿಂದ ಗಾಳಿ ಬೀಸುತ್ತದೆ. ಆಷಾಢದಲ್ಲಿ ಅದಕ್ಕೆ ತಡೆಯೇ ಇಲ್ಲ. ಬಯಲಿನಲ್ಲಿ ಬೆಳೆ ಇನ್ನೂ ಗಿಡ್ಡ, ಗಾಳಿಯನ್ನು ಮುರಿಯಲು ಏನೂ ಇಲ್ಲ. ಆಗ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಗಾಳಿ ಎಡಮಗ್ಗುಲಿಗೆ ಹೊಡೆಯುತ್ತದೆ. ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ ಬೆನ್ನಿಗೆ ಬೀಳುತ್ತದೆ. ಹೋಗುವವರಿಗೆ ತಮ್ಮ ಕಾಲಿನ ಬಲ ಹೆಚ್ಚಿದೆ ಎನಿಸುತ್ತದೆ. ಹೊಸಬರು ತಪ್ಪು ಲೆಕ್ಕ ಹಾಕುವುದು ಇಲ್ಲೇ: ಮುಂಜಾನೆ ಎರಡು ತಾಸಿನಲ್ಲಿ ಮುಗಿದ ದಾರಿಗೆ ಸಂಜೆ ಎರಡೂವರೆ ತಾಸು ಸಾಕೆಂದು ಇಟ್ಟುಕೊಳ್ಳುತ್ತಾರೆ. ಗಾಳಿಯ ತಡೆ ವೇಗದ ಜೊತೆ ಸಮಸಮನಾಗಿ ಬೆಳೆಯುವುದಿಲ್ಲ, ವೇಗದ ವರ್ಗದಷ್ಟು ಬೆಳೆಯುತ್ತದೆ. ತಾಸಿಗೆ 15 ಕಿಲೋಮೀಟರು ಹೋಗುವ ಸವಾರನಿಗೆ ಎದುರಿನಿಂದ ತಾಸಿಗೆ 15 ಕಿಲೋಮೀಟರಿನ ಗಾಳಿ ಬಂದರೆ ಮೈಗೆ ತಾಗುವುದು 30ರ ಗಾಳಿ. ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ರಾಮದುರ್ಗದಿಂದ ಮರಳುವ ಹೊತ್ತಿಗೆ ಈ ಗಣಿತ ತೊಡೆಗೆ ಬರುತ್ತದೆ.

ದೀಪಾವಳಿಯ ಆಸುಪಾಸಿಗೆ ಗಾಳಿ ತಿರುಗುತ್ತದೆ. ಚಳಿಗಾಲದಲ್ಲಿ ಮೂಡಗಾಳಿ. ಅದು ಆಷಾಢದ ಗಾಳಿಯಷ್ಟು ಬಿರುಸಿನದಲ್ಲ, ಆದರೆ ಹೊತ್ತೇರಿದ ಮೇಲೆ ಬಿಡುವಿಲ್ಲದೆ ಬೀಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮುಂಜಾನೆಯೇ ಪಡುವಣಕ್ಕೆ ಮುಖ ಮಾಡಿ ಮಧ್ಯಾಹ್ನ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬರುವುದು, ಚಳಿಗಾಲದಲ್ಲಿ ಇದನ್ನೇ ತಿರುವುಮುರುವು ಮಾಡುವುದು ಒಳ್ಳೆಯ ಪದ್ಧತಿ. ಕಷ್ಟದ ಅರ್ಧ ದಾರಿಯನ್ನು ತಾಜಾ ಕಾಲಿನಲ್ಲಿ, ಗಾಳಿ ಇನ್ನೂ ಮಲಗಿರುವಾಗ ಮುಗಿಸಬೇಕು. ಸವದತ್ತಿ ಸೀಮೆಯ ಎತ್ತರದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಇದಕ್ಕೆ ನೆರವಾಗುತ್ತವೆ. ಅವು ಯಾವಾಗಲೂ ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತವೆ, ದೂರದಿಂದಲೇ ದಿಕ್ಕು ಹೇಳುತ್ತವೆ. ಯಂತ್ರವಿಲ್ಲದ ಕಡೆ ಹೊಲದವರು ಹೇಳುತ್ತಾರೆ: “ಗಾಳಿ ಎದುರು ಐತ್ರಿ, ಸಾವಕಾಶ ಹೋಗ್ರಿ.” ಮೊಬೈಲಿನ ಹವಾಮಾನಕ್ಕಿಂತ ಈ ಮಾತನ್ನು ಈ ಲೇಖಕ ಹೆಚ್ಚು ನಂಬುತ್ತಾನೆ. ಕಣದಲ್ಲಿ ರಾಶಿ ತೂರುವವರಿಗೆ ಗಾಳಿ ಅನ್ನದ ಪ್ರಶ್ನೆ.

ಕಾಲಕಾಲಕ್ಕೆ ಉಳಿದ ತೊಡಕುಗಳು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಕು ಹರಿಯುವಾಗ ಹೊರಟು ಹತ್ತು ಗಂಟೆಯೊಳಗೆ ನೆರಳು ಸೇರಬೇಕು. ಸವದತ್ತಿ–ರಾಮದುರ್ಗದ ತುಂಡನ್ನು ಆ ದಿನಗಳಲ್ಲಿ ಮಧ್ಯಾಹ್ನ ತುಳಿಯುವುದು ಅಪಾಯವೇ ಸರಿ. ಮಿರಗದ ಮಳೆ ಬಿದ್ದ ಮೇಲೆ ಎರಿ ಹೊಲದ ದಾರಿ ಹಿಡಿಯಬಾರದು. ಒದ್ದೆ ಎರಿ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸ್ವಲ್ಪ ಹೊತ್ತಿನಲ್ಲಿ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಒಂದು ಕಡ್ಡಿ ಹಿಡಿದು ಕೆರೆಯುತ್ತ ಹೆಗಲ ಮೇಲೆ ಸೈಕಲ್ ಹೊತ್ತು ಡಾಂಬರು ಮುಟ್ಟುವುದೊಂದೇ ಆಗ ಉಳಿಯುವ ಉಪಾಯ. ಮಸಾರಿ ಹಾಗಲ್ಲ, ನೀರು ಬೇಗ ಇಂಗುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೇ ದಾರಿ ಗಟ್ಟಿಯಾಗುತ್ತದೆ. ಮಳೆ ಜೋರಾದ ವರ್ಷ ನದಿ ದಾಟುವ ತಗ್ಗಿನ ಸೇತುವೆಗಳನ್ನು ಮೊದಲೇ ವಿಚಾರಿಸಬೇಕು. 2019ರ ಆಗಸ್ಟ್ ಪ್ರವಾಹದಲ್ಲಿ ಮಲಪ್ರಭೆ ರಾಮದುರ್ಗದೊಳಗೇ ನುಗ್ಗಿದ್ದಳು.

ನವೆಂಬರಿನಿಂದ ಕಬ್ಬಿನ ಕಾಲ. ಎಂ.ಕೆ. ಹುಬ್ಬಳ್ಳಿಯೂ ಸೇರಿ ಈ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಾಗುತ್ತವೆ. ಹಿಂದಿನ ಟ್ರೇಲರಿಗೆ ಎಷ್ಟೋ ಸಲ ದೀಪವಿರುವುದಿಲ್ಲ. ಕಬ್ಬು ಅಗಲಕ್ಕೆ ಚಾಚಿಕೊಂಡಿರುತ್ತದೆ, ಉದುರಿದ ಜಲ್ಲೆ ದಾರಿಯಲ್ಲಿ ಬಿದ್ದಿರುತ್ತದೆ. ಈ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಸೈಕಲ್ ಹೊಡೆಯದಿರುವುದೇ ಲೇಸು. ಸವದತ್ತಿಯಲ್ಲಿ ಹುಣ್ಣಿಮೆಯ ಲೆಕ್ಕವೂ ಇರಬೇಕು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಕಾಲ್ನಡಿಗೆಯ ಜನ ಒಟ್ಟೊಟ್ಟಿಗೆ ಬರುತ್ತಾರೆ. ಆ ದಿನ ಗುಡ್ಡದ ಏರು ಸೈಕಲ್ಲಿಗೆ ತೆರವಿರುವುದಿಲ್ಲ. ಇಳಿದು ತಳ್ಳಿಕೊಂಡು ಭಂಡಾರ ಹಚ್ಚಿಕೊಂಡವರ ಜೊತೆ ನಡೆಯುವುದು ಹೆಚ್ಚು ಸುಖ. ಕಿತ್ತೂರಿನಲ್ಲಿ ಇದೇ ಬಗೆಯ ದಟ್ಟಣೆ ಅಕ್ಟೋಬರ್ 23ರಿಂದ ಉತ್ಸವದ ದಿನಗಳಲ್ಲಿ. 1824ರ ಅದೇ ದಿನ ಕಿತ್ತೂರಿನವರು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ್ದು.

ಇನ್ನು ಸೈಕಲ್ಲು. ಈ ಹಳ್ಳಿಗಳಲ್ಲಿ ಹೆಚ್ಚು ಓಡಿದ್ದು ಅಡ್ಡದಂಡಿಗೆಯ ಕಪ್ಪು ಸೈಕಲ್ಲು, 28 ಇಂಚಿನ ಗಾಲಿ, ಗೇರಿಲ್ಲ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. ಬಯಲಿಗೆ ಇದು ಹದ. ಯಲ್ಲಮ್ಮನ ಗುಡ್ಡದ ಏರಿಗೆ, ಎದುರು ಗಾಳಿಗೆ ಭಾರ. ಗೇರಿನ ಸೈಕಲ್ಲು ಅಲ್ಲಿ ನೆರವಿಗೆ ಬರುತ್ತದೆ, ಆದರೆ ಕೆಟ್ಟರೆ ಇನ್ನೊಂದು ಫಜೀತಿ. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಹಳೆಯ ಸೈಕಲ್ಲಿನ ಟ್ಯೂಬು, ವಾಲ್ ರಬ್ಬರು, ಬ್ರೇಕಿನ ರಬ್ಬರು, ಗುಂಡು, ಕಡ್ಡಿ ಎಲ್ಲ ಸಿಗುತ್ತವೆ. ಗೇರಿನ ಸೈಕಲ್ಲಿನ ತೆಳು ಟ್ಯೂಬು, ಸೂಜಿಯಂಥ ವಾಲು ಸಿಗುವುದಿಲ್ಲ; ಅಂಗಡಿಯ ಪಂಪಿನ ಮೂತಿ ಅದಕ್ಕೆ ಹೊಂದುವುದೂ ಇಲ್ಲ. ಅಂಥ ಸೈಕಲ್ಲಿನವರು ಎರಡು ಟ್ಯೂಬು, ಸ್ವಂತ ಪಂಪು, ಸಲ್ಯೂಷನ್ನು, ತೇಪೆ ಒಯ್ಯಲೇಬೇಕು.

ಪಂಚರಿನ ಮೂಲ ಎರಡು ಮುಳ್ಳು. ದಾರಿ ಬದಿಯ ಬಳ್ಳಾರಿ ಜಾಲಿಯದು ಒಂದು. ಹೊಲದ ಬದುವಿನ ನೆಗ್ಗಿಲು ಮುಳ್ಳು ಇನ್ನೊಂದು. ಜಾಲಿಮುಳ್ಳು ಟೈರಿನಲ್ಲಿ ಮುರಿದು ಒಳಗೇ ಉಳಿಯುತ್ತದೆ. ಟ್ಯೂಬಿಗೆ ತೇಪೆ ಹಾಕಿ, ಟೈರಿನ ಒಳಮೈಯನ್ನು ಬೆರಳಿನಿಂದ ಸಾವಕಾಶವಾಗಿ ಸವರಿ ನೋಡದೆ ಏರಿಸಿದರೆ ಒಂದೆರಡು ಕಿಲೋಮೀಟರಿನಲ್ಲಿ ಮತ್ತೆ ಗಾಳಿ ಹೋಗುತ್ತದೆ. ಅಂಗಡಿಯ ಅನುಭವಸ್ಥರು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸುವ ಮೊದಲು ಟೈರು ಸವರುತ್ತಾರೆ. ಆ ಕ್ರಮವನ್ನು ನೋಡಿ ಕಲಿಯಬೇಕು.

ನಿತ್ಯದ ಸೈಕಲ್ ಬದುಕು ಈ ಊರುಗಳಲ್ಲಿ ಬಾಡಿಗೆ ಅಂಗಡಿಯಿಂದ ಶುರುವಾದದ್ದು. ತಾಸಿಗಿಷ್ಟು ಎಂದು ಸೈಕಲ್ ಒಯ್ದು, ಅಡ್ಡದಂಡಿಗೆಯ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆಯುತ್ತ ಮಕ್ಕಳು ಕಲಿಯುತ್ತಿದ್ದರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೊಲಕ್ಕೆ ಬುತ್ತಿ, ಸಂತೆಗೆ ಕಾಯಿಪಲ್ಲೆ ಎಲ್ಲ ಕ್ಯಾರಿಯರಿನ ಮೇಲೆ. ಜಾತ್ರೆಯ ದಿನಗಳಲ್ಲಿ ಹಗಲುರಾತ್ರಿ ಇಳಿಯದೆ ಬಯಲಿನಲ್ಲಿ ಸುತ್ತುವ ಸೈಕಲ್ ಆಟದವರು ಬರುತ್ತಿದ್ದರು. ಊಟ, ಸ್ನಾನ ಎಲ್ಲ ಸೀಟಿನ ಮೇಲೆಯೇ. ಅವರ ತ್ರಾಣವನ್ನು ದೂರದ ಸವಾರಿಯ ಯಾವ ದಾಖಲೆಗೂ ಕಡಿಮೆಯೆನ್ನಲಾಗದು. ಮೋಟಾರ್ ಸೈಕಲ್ಲು ಮನೆಮನೆಗೆ ಬಂದ ಮೇಲೆ ಇದೆಲ್ಲ ಸೊರಗಿತು, ಪಂಚರ್ ಅಂಗಡಿಗಳೂ ಅದರ ರಿಪೇರಿಗೆ ತಿರುಗಿದವು.

ಇದರ ನಡುವೆ ಸೈಕಲ್ಲನ್ನು ಹಳ್ಳಿಗೆ ಮರಳಿ ತಂದದ್ದು ಶಾಲೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಪ್ರೌಢಶಾಲೆ ಪಕ್ಕದೂರಿನಲ್ಲಿ, ಬಸ್ಸು ದಿನಕ್ಕೆ ಎರಡೇ ಸಲ ಎನ್ನುವ ಹಳ್ಳಿಗಳಲ್ಲಿ ಅದರ ಬೆಲೆ ತಿಳಿಯಿತು. ಹುಡುಗಿಯರು ಗುಂಪು ಕಟ್ಟಿಕೊಂಡು ಶಾಲೆಗೆ ಹೋಗುವ ನೋಟ ಈ ಸೀಮೆಯ ದಾರಿಗಳ ಚಹರೆಯನ್ನೇ ಬದಲಿಸಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅದು ನಿಲ್ಲಬಾರದಿತ್ತು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಪೈಪೋಟಿಯ ಸೈಕ್ಲಿಂಗಿಗೂ ಇಲ್ಲಿ ನೆಲೆಯಿದೆ: ರಾಮದುರ್ಗ ತಾಲೂಕಿನ ಚಂದರಗಿಯ ವಸತಿ ಕ್ರೀಡಾಶಾಲೆಯಲ್ಲಿ ಹಳ್ಳಿಯ ಮಕ್ಕಳು ಸೈಕ್ಲಿಂಗ್ ಕಲಿಯುತ್ತಾರೆ.

ದೂರದ ಸವಾರಿಯ ಶಿಸ್ತಿಗೆ ಬ್ರೆವೆ ಒಂದು ಒಳ್ಳೆಯ ಅಳತೆ. ಇದು ಪಂದ್ಯವಲ್ಲ, ಕಾಲಮಿತಿಯೊಳಗೆ ಮುಗಿಸಬೇಕಾದ ಸವಾರಿ. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40. ಊಟ, ಪಂಚರು, ನಿದ್ದೆ ಎಲ್ಲ ಅದರಲ್ಲೇ ಸೇರುತ್ತವೆ. ಕಿತ್ತೂರಿನಿಂದ ರಾಮದುರ್ಗಕ್ಕೆ ಹೋಗಿ ಬಂದರೆ 200ರ ಅಳತೆ ಹೆಚ್ಚುಕಡಿಮೆ ತುಂಬುತ್ತದೆ. ಇದನ್ನು ಮುಗಿಸುವವರು ಜೋರಾಗಿ ತುಳಿಯುವವರಲ್ಲ, ಕಡಿಮೆ ನಿಲ್ಲುವವರು. ಚಹಾ ಅಂಗಡಿಯಲ್ಲಿ ಕೂತ ಅರ್ಧ ತಾಸನ್ನು ಎದುರು ಗಾಳಿಯಲ್ಲಿ ಮರಳಿ ಗಳಿಸುವುದು ಕಷ್ಟ.

ತಿನಿಸಿನ ವಿಷಯದಲ್ಲಿ ಈ ಸೀಮೆ ಸಮೃದ್ಧ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಶೇಂಗಾ ಹೋಳಿಗೆ ಜೇಬಿನಲ್ಲಿ ಹಿಡಿಯುತ್ತದೆ. ಬೆಲ್ಲ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಬೆವರಿಗೆ ಮದ್ದು. ಮಿರ್ಚಿ, ಗಿರ್ಮಿಟ್ಟು ಸವಾರಿ ಮುಗಿದ ಮೇಲೆ. ಎಳ್ಳ ಅಮಾವಾಸ್ಯೆಯ ದಿನ ಬುತ್ತಿಯೇ ಬೇಡ. ಚರಗ ಚೆಲ್ಲಿ ಹೊಲದಲ್ಲಿ ಉಣ್ಣಲು ಕೂತವರು ದಾರಿಹೋಕರನ್ನು ಕರೆಯದೆ ಬಿಡುವುದಿಲ್ಲ. ಸುಸ್ತಾಗಿ ಅರ್ಧಕ್ಕೆ ನಿಲ್ಲಿಸುವವರು ಒಂದು ಮಾತು ನೆನಪಿಡಬೇಕು: ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರಕ್ಕೂ ರೈಲಿಲ್ಲ. ಸೈಕಲ್ಲನ್ನು ಬಸ್ಸಿಗೆ ಹಾಕಿಸಿಕೊಂಡೇ ಧಾರವಾಡವನ್ನೋ ಬೆಳಗಾವಿಯನ್ನೋ ಸೇರಬೇಕು.

ಸೈಕಲ್ ಬದುಕಿನ ಬರವಣಿಗೆಗೆ ಭಾರತದಲ್ಲಿ ಹಳೆಯ ಪರಂಪರೆಯಿದೆ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರ ಪೈಕಿ ಅಡಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮಗರಾ 1928ರಲ್ಲಿ ಭೂಮಿ ಸುತ್ತಿ ಬಂದು 1931ರಲ್ಲಿ ಪುಸ್ತಕ ತಂದರು. ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಯುರೋಪಿನಿಂದ ದಿಲ್ಲಿಯವರೆಗೆ ಒಬ್ಬರೇ ಸೈಕಲ್ ಮೇಲೆ ಬಂದದ್ದು ಎರಡು ವರ್ಷದ ಬಳಿಕ ಪುಸ್ತಕವಾಯಿತು. ಕನ್ನಡದಲ್ಲಿ ಪ್ರವಾಸ ಕಥನ ಹೇರಳವಾಗಿದ್ದರೂ ಸೈಕಲ್ ಸೀಟಿನಿಂದ ಬರೆದದ್ದು ಕಡಿಮೆ. ಬರೆಯುವವರು ಸಾಮಾನ್ಯವಾಗಿ ದೂರ, ವೇಗ, ದೇವಸ್ಥಾನಗಳ ಪಟ್ಟಿಗೆ ಇಳಿಯುತ್ತಾರೆ. ಹೂಲಿಯ ಪಂಚಲಿಂಗೇಶ್ವರ, ಸೊಗಲದ ಸೋಮೇಶ್ವರ, ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಗೊಡಚಿಯ ವೀರಭದ್ರ ಇವೆಲ್ಲ ಕಾರಿನವರಿಗೂ ಕಾಣುವ ಸ್ಥಳಗಳು. ಸೈಕಲ್ಲಿಗೆ ಮಾತ್ರ ಕಾಣುವುದು ಇವುಗಳ ನಡುವಿನ ನೆಲ: ಎರಿ ಎಲ್ಲಿ ಮುಗಿದು ಮಡ್ಡಿ ಎಲ್ಲಿ ಶುರುವಾಯಿತು, ಯಾವ ಹಳ್ಳದ ಏರು ಕಾಲು ಹಿಡಿಯಿತು, ಬೋರಿನ ನೀರು ಯಾವ ಊರಿನಲ್ಲಿ ಸವುಳು, ಯಾವ ಗುಡಿಯ ಕಟ್ಟೆಗೆ ಮಧ್ಯಾಹ್ನವೂ ನೆರಳು.

ಇದಕ್ಕೆ ದೊಡ್ಡ ಸಲಕರಣೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸಣ್ಣ ನೋಟುಬುಕ್ಕು, ಬೆವರಿಗೆ ಹರಡದ ಪೆನ್ಸಿಲ್ಲು ಸಾಕು. ನಿಂತಲ್ಲೆಲ್ಲ ನಾಲ್ಕು ಸಂಗತಿ ಬರೆಯಬೇಕು: ಹೊತ್ತು, ಗಾಳಿಯ ದಿಕ್ಕು, ಮಣ್ಣು ಮತ್ತು ಬೆಳೆ, ಕೇಳಿದ ಮಾತು. ಮಾತನ್ನು ಆಡಿದಂತೆಯೇ ಬರೆಯಬೇಕು, ಗ್ರಂಥದ ಕನ್ನಡಕ್ಕೆ ತಿದ್ದಬಾರದು. ನೀರು ಕೊಟ್ಟವರ ಹೆಸರನ್ನು ಅವರನ್ನು ಕೇಳದೆ ಬಳಸಬಾರದು. ವಿವರಣೆ ಸಂಜೆಯ ಕೆಲಸ, ಅದೇ ಸಂಜೆಯದು; ಮರುದಿನಕ್ಕೆ ಬಿಟ್ಟರೆ ದಣಿವಿನ ಜೊತೆ ವಿವರವೂ ಇಳಿದುಹೋಗಿರುತ್ತದೆ. ಒಂದೇ ಸವಾರಿಯಿಂದ ದಾರಿಯ ಬಗ್ಗೆ ಬರೆಯುವುದು ಅರೆ ಸತ್ಯ. ಶ್ರಾವಣದಲ್ಲಿ ಸವದತ್ತಿಗೆ ಹೋಗಿ ದಾರಿ ಸಲೀಸು ಎಂದು ಬರೆದವರು ಪುಷ್ಯದಲ್ಲಿ ಅದೇ ದಿಕ್ಕಿಗೆ ಮತ್ತೊಮ್ಮೆ ಹೋಗಬೇಕು, ಎರಡೂ ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಲೇಖನ ಶುರುಮಾಡಬೇಕು.