ಲಾಗಿನಲ್ಲಿ ಬರೆಯಬಾರದ ಅಂಕಿಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಪತ್ತಿನ ಸಹಕಾರಿ ಸಂಘಗಳಲ್ಲಿ ಹಿಂದೆ ದಿನದ ವ್ಯವಹಾರವೆಲ್ಲವೂ ಕಿರ್ದಿಯಲ್ಲಿಯೂ ಸದಸ್ಯರ ಲೆಕ್ಕವೆಲ್ಲವೂ ಖತಾವಣಿಯಲ್ಲಿಯೂ ಲಿಖಿತವಾಗಿ, ಸಂಜೆಗೆ ಆ ಪುಸ್ತಕಗಳು ತಿಜೋರಿಯನ್ನು ಸೇರುತ್ತಿದ್ದುವು. ಇಂದು ಆ ಲೆಕ್ಕಗಳು ವೆಬ್ ತಂತ್ರಾಂಶಕ್ಕೆ ಏರಿವೆ. ಅವಕ್ಕೆ ಪಾಸ್‌ವರ್ಡಿನ ಕಾವಲೂ ಉಂಟು. ಆದರೆ ತಂತ್ರಾಂಶವು ತಾನು ಮಾಡಿದ ಕಾರ್ಯವನ್ನೆಲ್ಲ ಲಾಗ್ ಎಂಬ ಮತ್ತೊಂದು ಕಡತದಲ್ಲಿ ಬರೆದುಕೊಳ್ಳುತ್ತ ಹೋಗುತ್ತದೆ. ಈ ಕಡತಕ್ಕೆ ತಿಜೋರಿಯಿಲ್ಲ. ಅದು ಸರ್ವರಿನಲ್ಲಿರುತ್ತದೆ, ಬ್ಯಾಕಪ್ಪಿನಲ್ಲಿರುತ್ತದೆ, ದೋಷ ಕಂಡ ದಿನ ಬೆಳಗಾವಿಯ ಇಲ್ಲವೆ ಪುಣೆಯ ಎಂಜಿನಿಯರರ ಇಮೇಲಿನಲ್ಲಿಯೂ ಇರುತ್ತದೆ. ಈ ಸೀಮೆಯ ಸಂಘಗಳ ತಂತ್ರಾಂಶವನ್ನು ನೋಡಿಕೊಳ್ಳುತ್ತ ಬಂದ ನನಗೆ, ಸದಸ್ಯರ ಗುಟ್ಟನ್ನು ಬರೆಯುವ ಗಳಿಗೆಯಲ್ಲಿಯೇ ಕಾಯತಕ್ಕದ್ದೆಂಬುದು ದೃಢವಾಗಿದೆ.

ಒಂದು ಸಂಘದಲ್ಲಿ ಸಾಲದ ವಿವರ ಹುಡುಕುವ ಪುಟವು ಸದಸ್ಯರ ಆಧಾರ್ ಸಂಖ್ಯೆಯನ್ನು ಯುಆರ್‌ಎಲ್‌ನ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಅಂಟಿಸಿ ಕಳುಹಿಸುತ್ತಿತ್ತು. ಅಪಾಚೆಯಾಗಲಿ ಎನ್‌ಜಿನ್ಎಕ್ಸ್ ಆಗಲಿ, ಬಂದ ಕೋರಿಕೆಯ ಆ ಸಾಲನ್ನು ಇಡಿಯಾಗಿ ಲಾಗಿಗೆ ಇಳಿಸುವುದು ವಾಡಿಕೆಯಾದುದರಿಂದ, ಗುಮಾಸ್ತರು ಹುಡುಕಿದಾಗಲೆಲ್ಲ ಆ 12 ಅಂಕಿಗಳು ದಿನಾಂಕ ಸಹಿತವಾಗಿ ಶೇಖರವಾಗುತ್ತಿದ್ದುವು. ಅವನ್ನು ಫಾರ್ಮಿನ ಒಡಲಿಗೆ ಸರಿಸಿದರೆ ಈ ಬಾಗಿಲು ಮುಚ್ಚುತ್ತದೆ. ಆದರೆ ದೋಷವೇನೆಂದು ತಿಳಿಯಲೋಸುಗ ಫಾರ್ಮನ್ನೆಲ್ಲ ಮುದ್ರಿಸುವ ಅಭ್ಯಾಸವು ತಂತ್ರಾಂಶ ಬರೆದವರಲ್ಲಿದ್ದರೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸೂಚಿಸಿದುದು, ಗೂಢಲಿಪಿಗೆ ತಿರುಗುವ ಮುನ್ನವೇ ಪಾಸ್‌ವರ್ಡುಗಳು ಒಳಗಿನ ಲಾಗಿನಲ್ಲಿ ಬರೆಯಲ್ಪಡುತ್ತಿದ್ದ ಕಾರಣದಿಂದಲೇ.

ಇಂಥಲ್ಲಿ ಸಾಮಾನ್ಯವಾಗಿ ಸೂಚಿಸಲ್ಪಡುವ ಪರಿಹಾರವೆಂದರೆ, 12 ಅಂಕಿಗಳ ಸಾಲು ಕಂಡಲ್ಲೆಲ್ಲ ಅದನ್ನು ಮರೆಮಾಡುವ ಶೋಧಕ. ನಮ್ಮ ಗಡಿಸೀಮೆಯಲ್ಲಿ ಅದು ನಿಲ್ಲುವುದಿಲ್ಲ. ಇಲ್ಲಿ ಒಂದೇ ಮನೆಯಲ್ಲಿ ತಂದೆ ಮರಾಠಿಯಲ್ಲಿಯೂ ಮಗಳು ಕನ್ನಡದಲ್ಲಿಯೂ ಅರ್ಜಿ ತುಂಬುತ್ತಾರೆ. ಗುಮಾಸ್ತರು ಒಮ್ಮೆ ಕನ್ನಡದ ಅಂಕಿಗಳನ್ನೂ ಒಮ್ಮೆ ದೇವನಾಗರಿಯ ಅಂಕಿಗಳನ್ನೂ ಒತ್ತುತ್ತಾರೆ. ಜಾವಾ ಮತ್ತು ಜಾವಾಸ್ಕ್ರಿಪ್ಟುಗಳಲ್ಲಿ ಅಂಕಿಯನ್ನು ಗುರುತಿಸುವ ಸಾಮಾನ್ಯ ಸಂಕೇತವು ರೋಮನ್ ಕೀಲಿಮಣೆಯ ಹತ್ತು ಅಂಕಿಗಳನ್ನು ಮಾತ್ರ ಬಲ್ಲುದು. ಉಳಿದವು ಅದರ ಕಣ್ಣಿಗೆ ಬೀಳದೆ ಲಾಗನ್ನು ಸೇರುತ್ತವೆ. ನಾಲ್ಕು ನಾಲ್ಕಾಗಿ ಬಿಡಿಸಿ ಬರೆದ ಸಂಖ್ಯೆಯೂ ಹಾಗೆಯೇ. ಪಿಗ್ಮಿ ಏಜೆಂಟರು ಷರಾದ ಅಂಕಣದಲ್ಲಿ ಮಗನ ಫೋನು, ಹೆಂಡತಿಯ ಖಾತೆ, ಆಸ್ಪತ್ರೆಯ ಖರ್ಚು ಎಂದು ಏನೇನನ್ನು ಬರೆದಾರೆಂಬುದನ್ನು ಯಾವ ಶೋಧಕವು ಊಹಿಸಬಲ್ಲುದು? ಇದಲ್ಲದೆ, ಕಟಬಾಕಿಯ ಮೊತ್ತವು ಸಣ್ಣ ಊರಿನಲ್ಲಿ ಆಧಾರ್ ಸಂಖ್ಯೆಗಿಂತಲೂ ಸೂಕ್ಷ್ಮವಾದುದು. ಕಬ್ಬಿನ ಬಿಲ್ಲು ಬರುವವರೆಗೆ ಸಾಲ ತೀರಿಸಲಾಗದ ರೈತನ ಮರ್ಯಾದೆಯ ಪ್ರಶ್ನೆ ಅದು. ಆ ಮೊತ್ತಕ್ಕೆ ಗುರುತು ಹಿಡಿಯುವಂಥ ರೂಪವೇ ಇಲ್ಲ.

ಆದಕಾರಣ ಯಾವುದನ್ನು ಅಳಿಸಬೇಕೆಂಬ ಪಟ್ಟಿಯನ್ನು ಬಿಟ್ಟು, ಯಾವುದನ್ನು ಬರೆಯಬಹುದೆಂಬ ಪಟ್ಟಿಯನ್ನು ನಾನು ಹಿಡಿದೆ: ವೇಳೆ, ಪುಟದ ಹೆಸರು, ಫಲಿತಾಂಶ, ಕೋರಿಕೆಯ ಕ್ರಮಾಂಕ, ಹೊರಗಿನವರಿಗೆ ಅರ್ಥವಾಗದ ಸದಸ್ಯರ ಆಂತರಿಕ ಸಂಖ್ಯೆ, ಅಷ್ಟೇ. ಆಧಾರನ್ನು ಹ್ಯಾಶ್ ಮಾಡಿ, ಎಂದರೆ ಮೂಲವನ್ನು ನೇರವಾಗಿ ಹಿಂಪಡೆಯಲಾಗದ ಸಂಕೇತವಾಗಿ ಮಾರ್ಪಡಿಸಿ, ಬರೆದರೆ ಸಾಲದೆ ಎಂದು ಕೇಳುವವರುಂಟು. ಆಧಾರ್ ಸಂಖ್ಯೆಯ ಮೊದಲ ಅಂಕಿ 0 ಅಥವಾ 1 ಆಗುವುದಿಲ್ಲ, ಕೊನೆಯದು ಹಿಂದಿನವುಗಳಿಂದ ಗಣಿತವಾಗಿ ಬರುವ ತಾಳೆಯ ಅಂಕಿ. ಆದುದರಿಂದ ಸಾಧ್ಯವಿರುವ ಸಂಖ್ಯೆಗಳು 8,000 ಕೋಟಿ ಮಾತ್ರ. ಅವನ್ನೆಲ್ಲ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ನಿಮಿಷಗಳ ಕೆಲಸ. ಗುಪ್ತ ಕೀಲಿಯನ್ನು ಬೆರೆಸಿದ ಹ್ಯಾಶ್ ಮಾತ್ರವೇ ಸ್ವಲ್ಪಮಟ್ಟಿಗೆ ನಂಬಿಕೆಗೆ ಅರ್ಹ.

ಇದನ್ನು ಕೇಳಿ, ಲಾಗನ್ನೇ ನಿಲ್ಲಿಸಿಬಿಡಿರೆಂದು ನಿರ್ದೇಶಕರೊಬ್ಬರು ಆಗ್ರಹಿಸಿದರು. ಅದು ಸಲ್ಲದು. ಕಳ್ಳತನ ನಡೆದಾಗ ಉಳಿಯುವ ಸಾಕ್ಷಿ ಅದೊಂದೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶವೂ ಲಾಗುಗಳನ್ನು 180 ದಿನಗಳವರೆಗೆ ಕಾಯ್ದಿಡಬೇಕೆನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ರಕ್ಷಣೆಯ ಲೋಪಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಹೇಳುತ್ತದೆ. ಎರಡನ್ನೂ ಏಕಕಾಲದಲ್ಲಿ ಪಾಲಿಸಲು ಸಾಧ್ಯ. ಯಾರು, ಯಾವಾಗ, ಯಾವ ಪುಟವನ್ನು ತೆರೆದರೆಂಬುದಕ್ಕೆ ಸಾಲದ ಮೊತ್ತವು ಬೇಕಾಗುವುದಿಲ್ಲ.

ಪರೀಕ್ಷೆಗೆಂದು ನಾವು ಕಲ್ಪಿತ ಸದಸ್ಯನೊಬ್ಬನನ್ನು ಸೃಷ್ಟಿಸಿ, ಯಾರದೂ ಆಗಿರದಂತೆ ತಾಳೆಯ ಅಂಕಿ ತಪ್ಪಿಸಿದ ಸಂಖ್ಯೆಯೊಂದನ್ನು ಅವನಿಗೆ ಕೊಟ್ಟು, ಮೂರು ಬಗೆಯ ಅಂಕಿಗಳಲ್ಲಿಯೂ ಎಲ್ಲ ಪುಟಗಳಲ್ಲಿ ತುಂಬಿ, ತಪ್ಪು ಓಟಿಪಿ ಒತ್ತಿ, ಡೇಟಾಬೇಸನ್ನು ಬೇಕೆಂದೇ ನಿಲ್ಲಿಸಿ, ಆ ಬಳಿಕ ಲಾಗು ಇಮೇಲುಗಳಲ್ಲಿ ಅವನನ್ನು ಹುಡುಕಿದೆವು. ಎಲ್ಲಿಯೂ ಕಾಣದ ಆತನು ಡೇಟಾಬೇಸ್ ಕೈಕೊಟ್ಟಾಗ ಮುದ್ರಿತವಾದ ದೋಷಸಂದೇಶವೊಂದರಲ್ಲಿ ಹೆಸರು, ಸಂಖ್ಯೆ, ಬಾಕಿಗಳ ಸಮೇತ ಸಿಕ್ಕಿದನು. ಆ ಸಂದೇಶದಿಂದ ಮೌಲ್ಯಗಳನ್ನು ತೆಗೆಸಿದೆವು. ಹಳೆಯ ಬ್ಯಾಕಪ್ಪುಗಳನ್ನು ಇಬ್ಬರ ಕೀಲಿಯಿಲ್ಲದೆ ತೆರೆಯಲಾಗದಂತೆ ಬೀಗದಲ್ಲಿರಿಸಿ, 180 ದಿನಗಳು ಕಳೆದೊಡನೆ ನಾಶಗೊಳಿಸತಕ್ಕದ್ದೆಂದು ಆಡಳಿತ ಮಂಡಳಿಯು ಠರಾವು ಮಾಡಿತು.