ಕರ್ನಲ್ ನಿರ್ಮಾಣದಲ್ಲಿ ನೆಟ್‌ವರ್ಕ್ ಕಾರ್ಡಿನ ಚಾಲಕ

ಗಣಕಯಂತ್ರದ ಅಂಗಾಂಗಗಳೆಲ್ಲವನ್ನೂ ಒಂದು ಶಿಸ್ತಿಗೆ ಒಳಪಡಿಸಿ ನಡೆಸುವ ಮೂಲ ಕ್ರಮವಿಧಿಗೆ ‘ಕರ್ನಲ್’ ಎಂದು ಹೆಸರು. ಆ ಮಾತಿಗೆ ತಿರುಳು ಎಂದೇ ಅರ್ಥ. ತೆಂಗಿನ ಚಿಪ್ಪಿನೊಳಗೆ ತಿರುಳು ಅಡಗಿರುವಂತೆ, ಬಳಸುವವರ ಕಣ್ಣಿಗೆ ಬೀಳುವ ಅಕ್ಷರ, ಚಿತ್ರಗಳ ಹಿಂದೆ ಇದು ಅಡಗಿರುತ್ತದೆ. ಸ್ಮೃತಿಯನ್ನು ಹಂಚಿಕೊಡುವುದು, ಕೆಲಸಗಳಿಗೆ ಸರದಿಯನ್ನು ಗೊತ್ತುಪಡಿಸುವುದು, ಡಿಸ್ಕಿನಿಂದ ಓದುವುದು, ಹೊರಗಿನ ಯಂತ್ರಗಳೊಡನೆ ಸಂಪರ್ಕ ಕಲ್ಪಿಸುವುದು ಇವೆಲ್ಲವೂ ಇದರ ಹೊಣೆಗಳು. ಇವುಗಳಲ್ಲಿ ಕೊನೆಯದಾದ ಸಂಪರ್ಕದ ಹೊಣೆಯನ್ನು ಕರ್ನಲ್ ಹೇಗೆ ನಿರ್ವಹಿಸುತ್ತದೆ, ಅದನ್ನು ಕಟ್ಟುವವರು ಯಾವ ಎಚ್ಚರಿಕೆಯನ್ನು ವಹಿಸಬೇಕು ಎಂಬುದನ್ನು ವಿದ್ಯಾರ್ಥಿಗಳ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಲಿನಕ್ಸ್ ಕರ್ನಲ್

ಕರ್ನಲ್ಲನ್ನು ತಾವೇ ಕಟ್ಟಿ ಕಲಿಯುವ ಅವಕಾಶವು ಲಿನಕ್ಸ್‌ನಿಂದ ಸರ್ವರಿಗೂ ಲಭಿಸಿದೆ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಇದನ್ನು ಆರಂಭಿಸಿದರು. 1992ರಲ್ಲಿ ಇದು ಜಿ.ಪಿ.ಎಲ್. ಎಂಬ ಪರವಾನಗಿಗೆ ಒಳಪಟ್ಟಿತು. ಅಂದಿನಿಂದ ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1994ರ ಮಾರ್ಚ್ ತಿಂಗಳಲ್ಲಿ 1.0ನೆಯ ಆವೃತ್ತಿಯು ಹೊರಬಂದಿತು.

ಈ ಕರ್ನಲ್ಲಿಗೆ ಆರಂಭದ ವರ್ಷಗಳಲ್ಲಿ ಈಥರ್ನೆಟ್ ಕಾರ್ಡುಗಳ ಚಾಲಕಗಳನ್ನು ಬರೆದವರಲ್ಲಿ ಡೊನಾಲ್ಡ್ ಬೆಕರ್ ಅವರು ಪ್ರಮುಖರು. ಅವರೂ ಥಾಮಸ್ ಸ್ಟರ್ಲಿಂಗ್ ಅವರೂ ಅಮೆರಿಕದ ನಾಸಾ ಸಂಸ್ಥೆಯ ಗಾಡರ್ಡ್ ಕೇಂದ್ರದಲ್ಲಿ 1994ರಲ್ಲಿ 16 ಸಾಧಾರಣ ಗಣಕಯಂತ್ರಗಳನ್ನು ಈಥರ್ನೆಟ್ ತಂತಿಗಳಿಂದ ಜೋಡಿಸಿ, ‘ಬೇವುಲ್ಫ್’ ಎಂಬ ಹೆಸರಿನ ಸಮೂಹಯಂತ್ರವನ್ನು ರಚಿಸಿದರು. ಬಿಡಿಯಾಗಿ ಅಲ್ಪಶಕ್ತಿಯವಾದ ಯಂತ್ರಗಳು ಜಾಲದ ಮೂಲಕ ಒಂದುಗೂಡಿ ದೊಡ್ಡ ಲೆಕ್ಕಗಳನ್ನು ಬಿಡಿಸಿದವು. ಆ ಐಕ್ಯಕ್ಕೆ ಆಧಾರವಾದದ್ದು ಚಾಲಕವೆಂಬ ಸಣ್ಣ ಕ್ರಮವಿಧಿಯೇ ಆಗಿತ್ತು.

ಕಾರ್ಡು ಮತ್ತು ಚಾಲಕ

ಈಥರ್ನೆಟ್ ಪದ್ಧತಿಯು 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಸಂಗಡಿಗರಿಂದ ರೂಪುಗೊಂಡಿತು. ಈ ಪದ್ಧತಿಯಲ್ಲಿ ಸಂದೇಶವು ಒಂದೇ ಪ್ರವಾಹವಾಗಿ ಹರಿಯುವುದಿಲ್ಲ. ಅದನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದು ತುಂಡಿನ ಮೇಲೂ ಕಳುಹಿಸುವವರ ಮತ್ತು ಪಡೆಯುವವರ ವಿಳಾಸಗಳನ್ನು ನಮೂದಿಸಿ ರವಾನಿಸಲಾಗುತ್ತದೆ. ಸಾಮಾನ್ಯವಾಗಿ ಒಂದು ತುಂಡಿನಲ್ಲಿ ಗರಿಷ್ಠ 1500 ಬೈಟುಗಳಷ್ಟು ವಿಷಯವು ಹಿಡಿಯುತ್ತದೆ. ವಿಳಾಸವು 48 ಬಿಟ್ಟುಗಳ ಸಂಖ್ಯೆಯಾಗಿದ್ದು, ಅದನ್ನು ತಯಾರಕರೇ ಕಾರ್ಡಿನಲ್ಲಿ ಬರೆದಿರುತ್ತಾರೆ.

ತಂತಿಯ ಮೇಲೆ ಎಲ್ಲ ಕಾರ್ಡುಗಳೂ ಒಂದೇ ನಿಯಮವನ್ನು ಪಾಲಿಸುತ್ತವೆ. ಆದರೆ ಗಣಕಯಂತ್ರದ ಒಳಮುಖವಾಗಿ ಒಂದೊಂದು ಕಾರ್ಡಿನ ರೀತಿಯೂ ಬೇರೆ. ಬಂದ ತುಂಡನ್ನು ಸ್ಮೃತಿಯ ಯಾವ ಭಾಗದಲ್ಲಿ ಇರಿಸಬೇಕು, ಬಂದಿತೆಂಬ ಸೂಚನೆಯನ್ನು ಹೇಗೆ ನೀಡಬೇಕು, ಯಾವ ಸಂಖ್ಯೆಯನ್ನು ಎಲ್ಲಿ ಬರೆದರೆ ಕಾರ್ಡು ಎಚ್ಚರಗೊಳ್ಳುತ್ತದೆ ಎಂಬ ವಿವರಗಳು ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುತ್ತವೆ. ಈ ವಿವರಗಳನ್ನು ಬಲ್ಲ ದುಭಾಷಿಯೇ ಚಾಲಕ, ಅರ್ಥಾತ್ ಡ್ರೈವರ್. ಒಂದು ಭಾಷೆಯ ದುಭಾಷಿಯು ಇನ್ನೊಂದು ಭಾಷೆಯ ಸಭೆಯಲ್ಲಿ ಹೇಗೆ ನಿರುಪಯೋಗಿಯೋ, ಹಾಗೆಯೇ ಒಂದು ಕಾರ್ಡಿನ ಚಾಲಕವು ಮತ್ತೊಂದಕ್ಕೆ ಸಲ್ಲದು.

ಮೊದಲು ಗುರುತು, ಬಳಿಕ ಆಯ್ಕೆ

ಆದುದರಿಂದ ಕರ್ನಲ್ ಕಟ್ಟಲು ತೊಡಗುವವರ ಪ್ರಥಮ ಕರ್ತವ್ಯವು ತಮ್ಮ ಯಂತ್ರದಲ್ಲಿರುವ ಕಾರ್ಡು ಯಾವುದೆಂದು ನಿಶ್ಚಯಿಸಿಕೊಳ್ಳುವುದಾಗಿದೆ. ಹಿಂದಿನ ಐ.ಎಸ್.ಎ. ಕಾರ್ಡುಗಳ ಕಾಲದಲ್ಲಿ ಇದು ಕಷ್ಟಸಾಧ್ಯವಾಗಿತ್ತು. ಆಗ ಬಹಳ ಪ್ರಚಾರದಲ್ಲಿದ್ದ ಎನ್‌ಇ2000 ಎಂಬ ಕಾರ್ಡು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿರಲಿಲ್ಲ. ಅದು ಯಾವ ದ್ವಾರಸಂಖ್ಯೆಯಲ್ಲಿ ನೆಲೆಸಿದೆ ಎಂಬುದನ್ನು ಕಟ್ಟುವವರೇ ಚಾಲಕಕ್ಕೆ ತಿಳಿಸಬೇಕಾಗುತ್ತಿತ್ತು. ಕುರುಡಾಗಿ ಒಂದೊಂದೇ ದ್ವಾರವನ್ನು ತಟ್ಟಿ ನೋಡಿದರೆ, ಅಲ್ಲಿದ್ದ ಬೇರೊಂದು ಸಾಧನವು ಗಲಿಬಿಲಿಗೊಂಡು ಯಂತ್ರವೇ ಸ್ತಬ್ಧವಾಗುವ ಸಂಭವವಿತ್ತು.

1992ರಲ್ಲಿ ಬಂದ ಪಿ.ಸಿ.ಐ. ಪದ್ಧತಿಯು ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತು. ಇದರ ಪ್ರಕಾರ ಪ್ರತಿಯೊಂದು ಸಾಧನವೂ ಎರಡು ಸಂಖ್ಯೆಗಳನ್ನು ಧರಿಸಿರಬೇಕು. ಒಂದು ತಯಾರಕರ ಸಂಖ್ಯೆ, ಇನ್ನೊಂದು ಸಾಧನದ ಸಂಖ್ಯೆ. ಇಂಟೆಲ್ ಸಂಸ್ಥೆಯ ಸಂಖ್ಯೆ 8086. ಅದರ ಹೆಸರಾಂತ ಸಂಸ್ಕಾರಕವೊಂದರ ಹೆಸರೂ ಅದೇ ಆಗಿದೆ. ರಿಯಲ್‌ಟೆಕ್ ಸಂಸ್ಥೆಯದು ಹದಿನಾರರ ಎಣಿಕೆಯಲ್ಲಿ 10ಇಸಿ. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ‘ಎನ್‌ಎನ್’ ಎಂಬ ಸೂಚಕದೊಡನೆ ಕೊಟ್ಟರೆ ಈ ಸಂಖ್ಯೆಗಳು ತೆರೆಯ ಮೇಲೆ ಮೂಡುತ್ತವೆ. ‘ಕೆ’ ಎಂಬ ಸೂಚಕವನ್ನು ಸೇರಿಸಿದರೆ, ಈಗ ಯಾವ ಚಾಲಕವು ಆ ಕಾರ್ಡನ್ನು ನಡೆಸುತ್ತಿದೆ ಎಂಬುದೂ ತಿಳಿಯುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಪಾರದ ಹೆಸರನ್ನು ನಂಬಬಾರದು. ಒಳಗಿನ ಸಂಖ್ಯೆಯನ್ನೇ ನಂಬಬೇಕು. ಕೆಲವೊಮ್ಮೆ ಆ ಸಂಖ್ಯೆಯೂ ಸಾಲದು. ರಿಯಲ್‌ಟೆಕ್ 8139 ಎಂಬ ಬಿಲ್ಲೆಗೂ ಅದರ ಸುಧಾರಿತ ರೂಪವಾದ 8139ಸಿ ಪ್ಲಸ್‌ಗೂ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎರಡೂ ಒಂದೇ. ಭೇದವಿರುವುದು ಪರಿಷ್ಕರಣ ಸಂಖ್ಯೆಯಲ್ಲಿ ಮಾತ್ರ. ಮೊದಲನೆಯದಕ್ಕೆ 8139ಟೂ ಎಂಬ ಚಾಲಕವೂ, ಎರಡನೆಯದಕ್ಕೆ 8139ಸಿಪಿ ಎಂಬ ಚಾಲಕವೂ ಲಿನಕ್ಸ್‌ನಲ್ಲಿವೆ. ಒಂದೇ ಮನೆತನದ ಹೆಸರಿದ್ದ ಮಾತ್ರಕ್ಕೆ ಸ್ವಭಾವವೂ ಒಂದೇ ಆಗಬೇಕಿಲ್ಲವೆಂಬುದಕ್ಕೆ ಇದು ನಿದರ್ಶನ.

ಮೂರು ಉತ್ತರಗಳು

ಗುರುತು ಸಿಕ್ಕ ಬಳಿಕ ಆಯ್ಕೆಯ ಹಂತವು ಬರುತ್ತದೆ. ಮೂಲಪಾಠವಿರುವ ಸ್ಥಳದಲ್ಲಿ ‘ಮೇಕ್ ಮೆನುಕಾನ್ಫಿಗ್’ ಎಂದು ಆಜ್ಞಾಪಿಸಿದರೆ ಪ್ರಶ್ನೆಗಳ ದೊಡ್ಡ ಪಟ್ಟಿಯು ತೆರೆದುಕೊಳ್ಳುತ್ತದೆ. ಬಹುತೇಕ ಚಾಲಕಗಳಿಗೆ ಮೂರು ಬಗೆಯ ಉತ್ತರಗಳು ಸಾಧ್ಯ. ನಕ್ಷತ್ರದ ಗುರುತನ್ನು ಇಟ್ಟರೆ ಚಾಲಕವು ಕರ್ನಲ್ಲಿನಲ್ಲಿಯೇ ಬೆಸೆದುಹೋಗುತ್ತದೆ. ‘ಎಂ’ ಎಂಬ ಗುರುತನ್ನು ಇಟ್ಟರೆ ಅದು ‘ಮಾಡ್ಯೂಲ್’ ಎಂಬ ಬಿಡಿಭಾಗವಾಗಿ ಡಿಸ್ಕಿನಲ್ಲಿ ಉಳಿದು, ಬೇಕಾದಾಗ ಮಾತ್ರ ಸ್ಮೃತಿಗೆ ಬರುತ್ತದೆ. ಖಾಲಿ ಬಿಟ್ಟರೆ ಆ ಚಾಲಕವು ನಿರ್ಮಾಣವಾಗುವುದೇ ಇಲ್ಲ.

ಈ ಪ್ರಶ್ನೆಗಳು ಒಂದರ ಮೇಲೊಂದು ಅವಲಂಬಿಸಿರುತ್ತವೆ ಎಂಬುದನ್ನು ಗಮನಿಸಬೇಕು. ಜಾಲಸಂಪರ್ಕದ ಬೆಂಬಲ, ಪಿ.ಸಿ.ಐ. ಬೆಂಬಲ, ಜಾಲಸಾಧನಗಳ ಬೆಂಬಲ ಇವುಗಳಿಗೆ ಹೌದೆಂದು ಹೇಳದಿದ್ದರೆ ಪಿ.ಸಿ.ಐ. ಕಾರ್ಡಿನ ಚಾಲಕದ ಹೆಸರು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. 2012ರ ಜನವರಿಯಲ್ಲಿ ಬಂದ 3.2ನೆಯ ಆವೃತ್ತಿಯಿಂದ ಈಥರ್ನೆಟ್ ಚಾಲಕಗಳನ್ನು ತಯಾರಕರ ಹೆಸರಿನ ಪ್ರಕಾರ ವಿಂಗಡಿಸಲಾಗಿದೆ. ತಯಾರಕರ ಹೆಸರಿಗೆ ಹೌದೆಂದು ಹೇಳಿದ ಮಾತ್ರಕ್ಕೆ ಯಾವ ಚಾಲಕವೂ ಸೇರುವುದಿಲ್ಲ. ಆ ತಯಾರಕರ ಕಾರ್ಡುಗಳ ಪ್ರಶ್ನೆಗಳು ತೆರೆದುಕೊಳ್ಳುತ್ತವೆ, ಅಷ್ಟೇ. ಬಾಗಿಲು ತೆರೆದುದನ್ನೇ ಮನೆಯೊಳಗೆ ಹೋದಂತೆ ಎಣಿಸಿ ನಿಲ್ಲಿಸಿಬಿಡುವವರು ಹಲವರು.

ಬೆಸುಗೆಯೋ, ಬಿಡಿಭಾಗವೋ?

ಇಲ್ಲಿ ಹುಟ್ಟುವ ಮುಖ್ಯ ಪ್ರಶ್ನೆಯು ಯಾವುದು ಉತ್ತಮ ಎಂಬುದಲ್ಲ; ಯಾವುದು ಮೊದಲು ಬೇಕು ಎಂಬುದು. ಯಂತ್ರವು ತನ್ನ ಸ್ವಂತ ಡಿಸ್ಕಿನಿಂದ ಎದ್ದು ಬಳಿಕ ಜಾಲವನ್ನು ಸೇರುವುದಾದರೆ ಚಾಲಕವು ಬಿಡಿಭಾಗವಾಗಿದ್ದರೂ ಸಾಕು. ಪ್ರತಿಯೊಂದು ಚಾಲಕದಲ್ಲಿಯೂ ತಾನು ನಡೆಸಬಲ್ಲ ಕಾರ್ಡುಗಳ ಸಂಖ್ಯೆಗಳ ಪಟ್ಟಿಯಿರುತ್ತದೆ. ಕರ್ನಲ್ ಹೊಸ ಸಾಧನವನ್ನು ಕಂಡೊಡನೆ ಅದರ ಸಂಖ್ಯೆಯನ್ನು ಪ್ರಕಟಿಸುತ್ತದೆ, ವ್ಯವಸ್ಥೆಯು ಪಟ್ಟಿಯನ್ನು ನೋಡಿ ತಕ್ಕ ಮಾಡ್ಯೂಲನ್ನು ಕರೆತರುತ್ತದೆ.

ಆದರೆ ಡಿಸ್ಕೇ ಇಲ್ಲದೆ, ತನ್ನ ಕಡತಗಳೆಲ್ಲವನ್ನೂ ಜಾಲದ ಮೂಲಕ ಬೇರೊಂದು ಯಂತ್ರದಿಂದ ಪಡೆಯುವ ಗಣಕವನ್ನು ಭಾವಿಸಿಕೊಳ್ಳಿ. ಅದರ ಚಾಲಕವನ್ನು ಬಿಡಿಭಾಗವಾಗಿ ಮಾಡಿದರೆ, ಆ ಬಿಡಿಭಾಗವಿರುವುದು ಜಾಲದ ಆಚೆಗೆ. ಜಾಲವನ್ನು ತಲಪಲು ಬೇಕಾದುದು ಅದೇ ಬಿಡಿಭಾಗ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಯಿತು. ಇಂತಹ ಯಂತ್ರಕ್ಕೆ ಚಾಲಕವನ್ನು ಕರ್ನಲ್ಲಿನಲ್ಲಿಯೇ ಬೆಸೆಯಬೇಕು. ಇಲ್ಲವಾದರೆ, ಕರ್ನಲ್ಲಿನೊಡನೆ ಮೊದಲೇ ಸ್ಮೃತಿಗೆ ಬರುವ ‘ಇನಿಟ್ರಾಮ್‌ಎಫ್‌ಎಸ್’ ಎಂಬ ಪುಟ್ಟ ಕಡತಸಂಚಿಯಲ್ಲಿ ಅದನ್ನು ಇರಿಸಬೇಕು.

ಬೆಸೆದುಬಿಟ್ಟರೆ ಎಲ್ಲವೂ ಸುರಕ್ಷಿತವೆಂದು ತಿಳಿಯುವುದೂ ಸರಿಯಲ್ಲ. ಬ್ರಾಡ್‌ಕಾಮ್ ಸಂಸ್ಥೆಯ ಕೆಲವು ಕಾರ್ಡುಗಳನ್ನು ನಡೆಸುವ ಬಿಎನ್‌ಎಕ್ಸ್2ರಂತಹ ಚಾಲಕಗಳಿಗೆ ‘ಫರ್ಮ್‌ವೇರ್’ ಎಂಬ ಪ್ರತ್ಯೇಕ ಕಡತವೂ ಅಗತ್ಯ. ಬೆಸೆದ ಚಾಲಕವು ಡಿಸ್ಕು ತೆರೆಯುವ ಮುನ್ನವೇ ಎದ್ದು ಆ ಕಡತಕ್ಕಾಗಿ ಹುಡುಕುತ್ತದೆ, ಕಾಣದೆ ನಿರಾಶೆಗೊಳ್ಳುತ್ತದೆ. ಆದ್ದರಿಂದ ಚಾಲಕವು ಎಲ್ಲಿದೆಯೋ ಅದರ ಬುತ್ತಿಯೂ ಅಲ್ಲಿಯೇ ಇರತಕ್ಕದ್ದು.

2008ರ ಎರಡು ಪಾಠಗಳು

ಈ ಆಯ್ಕೆಗಳು ಎಷ್ಟು ಸೂಕ್ಷ್ಮವೆಂಬುದನ್ನು 2008ನೆಯ ಇಸವಿಯು ಎರಡು ರೀತಿಗಳಲ್ಲಿ ತೋರಿಸಿಕೊಟ್ಟಿತು. ಅದುವರೆಗೆ ಇಂಟೆಲ್ ಸಂಸ್ಥೆಯ ಗಿಗಾಬಿಟ್ ಕಾರ್ಡುಗಳಲ್ಲಿ ಹೆಚ್ಚಿನವನ್ನು ಇ1000 ಎಂಬ ಒಂದೇ ಚಾಲಕವು ನಡೆಸುತ್ತಿತ್ತು. ಆ ವರ್ಷದ ಜನವರಿಯಲ್ಲಿ ಬಂದ 2.6.24ರಲ್ಲಿ ಇ1000ಇ ಎಂಬ ಹೊಸ ಚಾಲಕವು ಸೇರಿತು, ಮತ್ತು ಪಿ.ಸಿ.ಐ. ಎಕ್ಸ್‌ಪ್ರೆಸ್ ಬಗೆಯ ಕಾರ್ಡುಗಳ ಸಂಖ್ಯೆಗಳು ಹಂತಹಂತವಾಗಿ ಅದರ ಪಟ್ಟಿಗೆ ವರ್ಗಾವಣೆಗೊಂಡವು. ಹಳೆಯ ಉತ್ತರಗಳನ್ನೇ ಹೊಸ ಕರ್ನಲ್ಲಿಗೆ ಒಪ್ಪಿಸಿ, ಹೊಸ ಪ್ರಶ್ನೆಗೆ ಇಲ್ಲವೆಂದವರ ಯಂತ್ರಗಳಲ್ಲಿ ಕಾರ್ಡು ಇದ್ದೂ ಇಲ್ಲದಂತಾಯಿತು. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಫಲದಲ್ಲಿ ಸಂಪರ್ಕವೇ ಶೂನ್ಯ.

ಎರಡನೆಯದು ಇನ್ನೂ ಗಂಭೀರವಾದುದು. 2.6.27ರ ಪರೀಕ್ಷಾರ್ಥ ಆವೃತ್ತಿಗಳನ್ನು ಬಳಸಿದ ಕೆಲವರ ಯಂತ್ರಗಳಲ್ಲಿ, ಇ1000ಇ ನಡೆಸುವ ಕಾರ್ಡುಗಳ ಶಾಶ್ವತ ಸ್ಮೃತಿಯೇ ಕೆಟ್ಟುಹೋಯಿತು. ಕಾರ್ಡಿನ ವಿಳಾಸ ಮುಂತಾದವು ಇರುವುದು ಅಲ್ಲಿಯೇ. ಹೀಗಾಗಿ ಹಳೆಯ ಕರ್ನಲ್ಲಿಗೆ ಮರಳಿದರೂ ಕಾರ್ಡು ಚೇತರಿಸಿಕೊಳ್ಳಲಿಲ್ಲ. ಸಂಶಯವೆಲ್ಲವೂ ಸಹಜವಾಗಿ ಚಾಲಕದ ಮೇಲೆ ಬಿದ್ದಿತು. ಆದರೆ ಆ ವರ್ಷದ ಅಕ್ಟೋಬರ್ ವೇಳೆಗೆ ನಿಜವಾದ ಕಾರಣವು ಬೇರೆಡೆ ದೊರೆಯಿತು. ಕರ್ನಲ್ಲಿನ ನಡೆಯನ್ನು ಪರೀಕ್ಷಿಸಲು ಸೇರಿಸಿದ್ದ ‘ಎಫ್‌ಟ್ರೇಸ್’ ಎಂಬ ಸೌಲಭ್ಯವು, ಕೆಲಸ ಮುಗಿದು ತೆರವಾಗಿದ್ದ ಮಾಡ್ಯೂಲ್ ಭಾಗದ ಹಳೆಯ ವಿಳಾಸಗಳನ್ನು ನೆನಪಿನಲ್ಲಿಟ್ಟುಕೊಂಡಿತ್ತು. ಆ ವಿಳಾಸಗಳೇ ಮುಂದೆ ಕಾರ್ಡಿನ ಶಾಶ್ವತ ಸ್ಮೃತಿಗೆ ದಾರಿಯಾಗಿ ಬಳಕೆಯಾದಾಗ, ಅದು ಅರಿಯದೆ ಅಲ್ಲಿ ಬರೆದುಬಿಡುತ್ತಿತ್ತು. 2.6.27.1ರಲ್ಲಿ ಆ ಸೌಲಭ್ಯದ ದೋಷಯುಕ್ತ ಭಾಗವನ್ನು ನಿಲ್ಲಿಸಲಾಯಿತು. ಕಾರ್ಡಿನ ಸ್ಮೃತಿಗೂ ಚಾಲಕದ ಮೂಲಕವೇ ರಕ್ಷಣೆಯನ್ನು ಒದಗಿಸಲಾಯಿತು. ಪೆಟ್ಟು ಬಿದ್ದ ಜಾಗದಲ್ಲಿಯೇ ಅಪರಾಧಿ ಇರುವನೆಂಬ ಭರವಸೆಯಿಲ್ಲ. ಆದುದರಿಂದ ತನಗೆ ಬೇಡದ ಸೌಲಭ್ಯಕ್ಕೆ ಹೌದೆನ್ನುವಾಗಲೂ ಯೋಚಿಸಬೇಕು, ಪರೀಕ್ಷಾರ್ಥ ಆವೃತ್ತಿಯನ್ನು ನಿತ್ಯದ ಕೆಲಸದ ಯಂತ್ರದಲ್ಲಿ ಬಳಸಬಾರದು.

ಅನುಸರಿಸಬೇಕಾದ ಕ್ರಮ

ದೂರದ ಕೊಠಡಿಯಲ್ಲಿ, ತೆರೆಯಾಗಲಿ ಕೀಲಿಮಣೆಯಾಗಲಿ ಇಲ್ಲದೆ ನಡೆಯುವ ಯಂತ್ರಗಳು ಇಂದು ಅಸಂಖ್ಯವಾಗಿವೆ. ಅವನ್ನು ನೋಡಿಕೊಳ್ಳುವವರಿಗೆ ಜಾಲವೊಂದೇ ಬಾಗಿಲು. ಚಾಲಕವು ತಪ್ಪಿದರೆ ಯಂತ್ರವು ಏಳುತ್ತದೆ, ಡಿಸ್ಕು ಓದುತ್ತದೆ, ಗಡಿಯಾರ ನಡೆಯುತ್ತದೆ. ಆದರೆ ಕರೆದರೆ ಓಗೊಡುವುದಿಲ್ಲ. ಅದನ್ನು ನಂಬಿದವರ ಕೆಲಸವು ನಿಂತುಹೋಗುತ್ತದೆ, ಯಾರಾದರೂ ಖುದ್ದಾಗಿ ಅಲ್ಲಿಗೆ ಹೋಗುವವರೆಗೆ ಪರಿಹಾರವಿಲ್ಲ. ಈ ಕಾರಣದಿಂದ ಕೆಳಗಿನ ನಿಯಮಗಳನ್ನು ಪಾಲಿಸುವುದು ಶ್ರೇಯಸ್ಕರ.

1. ಈಗ ಸರಿಯಾಗಿ ನಡೆಯುತ್ತಿರುವ ಕರ್ನಲ್ಲಿನಲ್ಲಿ ಕಾರ್ಡಿನ ಸಂಖ್ಯೆಯನ್ನೂ ಚಾಲಕದ ಹೆಸರನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

2. ಹಳೆಯ ಉತ್ತರಗಳ ಕಡತವನ್ನು ಆಧಾರವಾಗಿ ತೆಗೆದುಕೊಂಡು ‘ಮೇಕ್ ಓಲ್ಡ್‌ಕಾನ್ಫಿಗ್’ ಎಂಬ ಆಜ್ಞೆಯನ್ನು ಕೊಟ್ಟರೆ ಹೊಸ ಪ್ರಶ್ನೆಗಳು ಮಾತ್ರ ಎದುರಾಗುತ್ತವೆ. ಒಂದೊಂದನ್ನೂ ಓದಿ ಉತ್ತರಿಸಬೇಕು.

3. ಕರ್ನಲ್ಲನ್ನು ಸ್ಥಾಪಿಸುವಾಗ ಅದರ ಮಾಡ್ಯೂಲುಗಳನ್ನೂ ಸ್ಥಾಪಿಸಬೇಕು. ಪ್ರತಿಯೊಂದು ಆವೃತ್ತಿಯೂ ತನ್ನ ಹೆಸರಿನ ಭಂಡಾರದಲ್ಲಿ ಮಾತ್ರ ಮಾಡ್ಯೂಲುಗಳನ್ನು ಹುಡುಕುತ್ತದೆ.

4. ಒಂದಕ್ಕಿಂತ ಹೆಚ್ಚು ಕಾರ್ಡುಗಳಿದ್ದಲ್ಲಿ, ಚಾಲಕಗಳು ಏಳುವ ಸರದಿಯು ಬದಲಾದರೆ ಕಾರ್ಡುಗಳ ಹೆಸರುಗಳು ಅದಲುಬದಲಾಗಬಹುದು. ವಿಳಾಸವನ್ನು ನೋಡಿ ದೃಢಪಡಿಸಿಕೊಳ್ಳಬೇಕು.

5. ಹೊಸ ಕರ್ನಲ್ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಹಳೆಯದನ್ನು ಅಳಿಸಬಾರದು. ಹಿಂದಿರುಗುವ ದಾರಿಯನ್ನು ಉಳಿಸಿಕೊಂಡೇ ಮುಂದೆ ಹೆಜ್ಜೆಯಿಡಬೇಕು.

6. ಕಾರ್ಡು ಮೌನವಾಗಿದ್ದರೆ ಊಹೆಗೆ ತೊಡಗದೆ ‘ಡಿಮೆಸೇಜ್’ ಎಂಬ ಆಜ್ಞೆಯಿಂದ ಕರ್ನಲ್ಲಿನ ವರದಿಯನ್ನು ಓದಬೇಕು. ಚಾಲಕವು ಬಂದಿತೇ, ಫರ್ಮ್‌ವೇರ್ ದೊರೆಯಿತೇ, ತಂತಿಯ ಸಂಪರ್ಕ ಸಿದ್ಧಿಸಿತೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ಉಪಸಂಹಾರ

ಚಾಲಕದ ಆಯ್ಕೆಯು ಪಟ್ಟಿಯೊಂದರಲ್ಲಿ ಒಂದು ಗುರುತನ್ನು ಹಾಕುವಷ್ಟು ಅಲ್ಪ ಕೆಲಸ. ಆದರೆ ಸಾವಿರಾರು ಪ್ರಶ್ನೆಗಳ ನಡುವೆ ಆ ಒಂದು ಗುರುತು ತಪ್ಪಿದರೆ ಉಳಿದೆಲ್ಲ ಸರಿಯುತ್ತರಗಳೂ ಹೊರಜಗತ್ತಿಗೆ ತಲಪದೆ ಹೋಗುತ್ತವೆ. ಎದುರಿನ ವಸ್ತುವಿನ ನಿಜಸ್ವರೂಪವನ್ನು ಅರಿತು, ಯಾವುದಕ್ಕೆ ಯಾವುದು ಮೊದಲು ಬೇಕೆಂದು ವಿವೇಚಿಸಿ, ಬಳಿಕ ಕೈಹಾಕುವುದು ಕಾಯಕದ ಶಿಸ್ತು. ಅನೇಕರು ತಮ್ಮ ದುಡಿಮೆಯ ಫಲವಾದ ಚಾಲಕಗಳನ್ನು ಮೂಲಪಾಠಸಹಿತ ಲೋಕಕ್ಕೆ ಅರ್ಪಿಸಿದ್ದಾರೆ. 2008ರ ದೋಷವು ಹೊರಬಿದ್ದದ್ದೂ ಆ ಪಾಠವು ಹಲವರ ಕಣ್ಣಿಗೆ ತೆರೆದಿದ್ದುದರಿಂದಲೇ. ಇದನ್ನು ಜ್ಞಾನದ ದಾಸೋಹವೆನ್ನಲು ಅಡ್ಡಿಯಿಲ್ಲ. ಅದರಲ್ಲಿ ಪಾಲುಗೊಳ್ಳುವ ವಿದ್ಯಾರ್ಥಿಗಳು ಉಂಡು ಏಳುವುದಕ್ಕಷ್ಟೇ ನಿಲ್ಲದೆ, ಕಂಡ ದೋಷವನ್ನು ತಿಳಿಸಿ, ಬಲ್ಲಷ್ಟನ್ನು ತಿದ್ದಿ, ಬಡಿಸುವವರ ಸಾಲಿಗೂ ಸೇರುವಂತಾಗಲಿ.