ಸೇವೆಯೂ ಒಂದು ವಿದ್ಯೆ

ಮಾನವನು ಸಂಘಜೀವಿ. ಹುಟ್ಟಿದಾಗ ಅವನನ್ನು ಎತ್ತಿ ಆಡಿಸುವ ಕೈಗಳು ಬೇಕು; ಮುಪ್ಪಿನಲ್ಲಿ ಹಿಡಿದು ನಡೆಸುವ ಕೈಗಳು ಬೇಕು. ಇವೆರಡರ ನಡುವೆಯೂ ರೋಗ, ಅಂಗವೈಕಲ್ಯ, ಬಡತನ, ಮನೆಯೊಳಗಿನ ಕಲಹ ಮೊದಲಾದ ಕಷ್ಟಗಳು ಯಾರಿಗೆ ಯಾವಾಗ ಒದಗುವುವೋ ಹೇಳಲಾಗದು. ಇಂಥ ಸಮಯದಲ್ಲಿ ನೆರವಾಗಲು ಒಳ್ಳೆಯ ಮನಸ್ಸೊಂದಿದ್ದರೆ ಸಾಕು, ಅದಕ್ಕೆ ಕಲಿಕೆ ಏಕೆ ಎಂದು ಅನೇಕರು ಭಾವಿಸುತ್ತಾರೆ. ಬಡಗಿತನಕ್ಕೂ ನೇಯ್ಗೆಗೂ ಗುರು ಬೇಕೆಂದು ಒಪ್ಪುವವರು ಕೂಡ, ವೃದ್ಧರೊಬ್ಬರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಲು ಗುರು ಬೇಕೆಂದರೆ ನಗುತ್ತಾರೆ. ಆದರೆ ಸೇವೆಯೂ ಒಂದು ವಿದ್ಯೆ, ಅದನ್ನು ಕ್ರಮವಾಗಿ ಕಲಿಯಬೇಕು ಎಂಬ ನಿಲುವನ್ನು ಆಸ್ಟ್ರೇಲಿಯಾ ದೇಶದ ವೃತ್ತಿಶಿಕ್ಷಣದಲ್ಲಿ ಕಾಣಬಹುದು. ಅಲ್ಲಿ ಈ ವಿದ್ಯೆಯನ್ನು ಕಲಿಯುವವರಲ್ಲಿ ಭಾರತ, ನೇಪಾಳ ಮೊದಲಾದ ದೇಶಗಳಿಂದ ಹೋದ ವಿದ್ಯಾರ್ಥಿಗಳೂ ಇದ್ದಾರೆ.

ವೃತ್ತಿಶಿಕ್ಷಣದ ಅಗತ್ಯವನ್ನು ಪರಿಶೀಲಿಸಲು ನೇಮಕವಾದ ಸಮಿತಿಯೊಂದು, ಮೈಯರ್ ಕ್ಯಾಂಗನ್ ಎಂಬವರ ಅಧ್ಯಕ್ಷತೆಯಲ್ಲಿ, 1974ರಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕೆ ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ 'ಟೇಫ್' ಎಂದು ಕರೆಯಲಾಗುವ ಸರ್ಕಾರಿ ವೃತ್ತಿಶಿಕ್ಷಣ ಸಂಸ್ಥೆಗಳು ಬಲಗೊಂಡುವು. ಇಂದು ಈ ಸಂಸ್ಥೆಗಳಲ್ಲಿಯೂ ಮನ್ನಣೆ ಪಡೆದ ಖಾಸಗಿ ಸಂಸ್ಥೆಗಳಲ್ಲಿಯೂ 'ಸಮುದಾಯ ಸೇವೆ' ಎಂಬುದು ಕಲಿಕೆಯ ಒಂದು ಪ್ರತ್ಯೇಕ ವಿಭಾಗವಾಗಿದೆ. ವೃದ್ಧರ ಆರೈಕೆ, ಅಂಗವೈಕಲ್ಯವುಳ್ಳವರಿಗೆ ಬೆಂಬಲ, ಮಕ್ಕಳ ರಕ್ಷಣೆ, ವಸತಿಹೀನರಿಗೆ ಆಸರೆ ಮುಂತಾದುವು ಇದರ ಶಾಖೆಗಳು. ಇಲ್ಲಿ ಪುಸ್ತಕದ ಓದು ಮಾತ್ರ ಸಾಲದು. ಆರೈಕೆಯ ವೃತ್ತಿಗೆ ಸಿದ್ಧಗೊಳಿಸುವ ಸರ್ಟಿಫಿಕೇಟ್ ಶಿಕ್ಷಣದಲ್ಲಿ ಕನಿಷ್ಠ 120 ಗಂಟೆ, ಸಮುದಾಯ ಸೇವೆಯ ಡಿಪ್ಲೊಮಾದಲ್ಲಿ ಕನಿಷ್ಠ 200 ಗಂಟೆ, ನಿಜವಾದ ಸೇವಾಸ್ಥಾನದಲ್ಲಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ತೋರಿಸಬೇಕು.

ಅಲ್ಲಿ ಕಲಿಸುವುದಾದರೂ ಏನು? ಮೊದಲನೆಯದು ಕೈಯ ಕೌಶಲ. ವೃದ್ಧರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಸಾಗಿಸುವ ಮುನ್ನ ಕುರ್ಚಿಯ ಗಾಲಿಗಳನ್ನು ಬಿಗಿಗೊಳಿಸಬೇಕು. ಈಗ ಏನು ಮಾಡುತ್ತೇನೆಂಬುದನ್ನು ಅವರಿಗೆ ತಿಳಿಸಬೇಕು. ಭಾರ ಹೆಚ್ಚಾಗಿದ್ದರೆ ಯಂತ್ರದ ಸಹಾಯ ಪಡೆಯಬೇಕು. ಎರಡನೆಯದು ಮಾತಿನ ಕೌಶಲ. "ಏಳಿ, ಸ್ನಾನಕ್ಕೆ ಹೊತ್ತಾಯಿತು" ಎನ್ನುವುದಕ್ಕೂ "ಸ್ನಾನ ಈಗ ಮಾಡುವಿರೋ, ತಿಂಡಿಯಾದ ಮೇಲೆ ಮಾಡುವಿರೋ?" ಎಂದು ಕೇಳುವುದಕ್ಕೂ ಅಂತರವುಂಟು. ಮೊದಲನೆಯದು ಅಪ್ಪಣೆ, ಎರಡನೆಯದು ಗೌರವ. ಮೂರನೆಯದು ಬರವಣಿಗೆಯ ಕೌಶಲ. ದಿನದ ವರದಿಯಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು. "ಅವರು ಹಟಮಾರಿ" ಎಂದು ಬರೆದರೆ ಅದು ತೀರ್ಪು. "ಮಧ್ಯಾಹ್ನದ ಊಟದ ತಟ್ಟೆಯನ್ನು ಎರಡು ಬಾರಿ ದೂರ ತಳ್ಳಿದರು" ಎಂದು ಬರೆದರೆ ಅದು ಸತ್ಯ. ಆ ಸತ್ಯವನ್ನು ಓದಿದ ದಾದಿಯು, ಬಾಯಿಯಲ್ಲಿ ಹುಣ್ಣಾಗಿದೆಯೇ ಎಂದು ಪರೀಕ್ಷಿಸಬಲ್ಲಳು.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬ ಪ್ರಶ್ನೆಗೆ ಆ ದೇಶದ ಇತಿಹಾಸವೇ ಉತ್ತರ ಹೇಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ, 1970ರ ಸುಮಾರಿನವರೆಗೂ, ಅಲ್ಲಿನ ಮೂಲನಿವಾಸಿಗಳ ಅಸಂಖ್ಯ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಆಶ್ರಯಧಾಮಗಳಲ್ಲಿಯೂ ಪರರ ಮನೆಗಳಲ್ಲಿಯೂ ಇರಿಸಲಾಯಿತು. ಈ ಕಾರ್ಯವು ನಡೆದದ್ದು ಮಕ್ಕಳ ಕಲ್ಯಾಣವೆಂಬ ಹೆಸರಿನಲ್ಲಿ! ಯಾರ ಒಳಿತಿಗಾಗಿ ಇದೆಲ್ಲವೆಂದು ಹೇಳಲಾಯಿತೋ ಅವರನ್ನು ಯಾರೂ ಕೇಳಲಿಲ್ಲ. 2008ರ ಫೆಬ್ರವರಿ 13ರಂದು ಪ್ರಧಾನಮಂತ್ರಿ ಕೆವಿನ್ ರಡ್ ಅವರು ಸಂಸತ್ತಿನಲ್ಲಿ ರಾಷ್ಟ್ರದ ಪರವಾಗಿ ಇದಕ್ಕೆ ಕ್ಷಮೆ ಯಾಚಿಸಿದರು. ಮುಂದೆ 2018ರಲ್ಲಿ ವೃದ್ಧರ ಆರೈಕೆಯ ಗುಣಮಟ್ಟವನ್ನು ವಿಚಾರಿಸಲು ಉನ್ನತ ಆಯೋಗವೊಂದು ನೇಮಕವಾಯಿತು. ಅದು 2019ರಲ್ಲಿ ಹೊರತಂದ ಮಧ್ಯಂತರ ವರದಿಯ ಹೆಸರೇ 'ಉಪೇಕ್ಷೆ'. 2021ರ ಅಂತಿಮ ವರದಿಗೆ 'ಆರೈಕೆ, ಘನತೆ, ಗೌರವ' ಎಂಬ ಅರ್ಥದ ಹೆಸರನ್ನಿಡಲಾಯಿತು. ಸಿಬ್ಬಂದಿಯ ಸಂಖ್ಯೆಯೂ ತರಬೇತಿಯೂ ಸಾಲದಿರುವುದನ್ನು ಆಯೋಗವು ಎತ್ತಿ ತೋರಿಸಿತು. ಕೇಳದೆ ಮಾಡಿದ ಉಪಕಾರ ಅಪಕಾರವಾಗಬಲ್ಲುದು, ಕಲಿಯದೆ ಮಾಡಿದ ಸೇವೆ ಉಪೇಕ್ಷೆಯಲ್ಲಿ ಕೊನೆಗೊಳ್ಳಬಲ್ಲುದು ಎಂಬುದು ಈ ಎರಡು ಪ್ರಸಂಗಗಳಿಂದ ವೇದ್ಯವಾಗುತ್ತದೆ.

ಪರದೇಶದಿಂದ ಬಂದ ವಿದ್ಯಾರ್ಥಿಗೆ ಈ ಕಲಿಕೆಯು ಇನ್ನೂ ಕಠಿಣ. ಕನ್ನಡನಾಡಿನಲ್ಲಿ ಬೆಳೆದವನು ಹಿರಿಯರನ್ನು ಹೆಸರು ಹಿಡಿದು ಕರೆಯಲಾರ. ಅಜ್ಜ, ಅಜ್ಜಿ ಎಂದೇ ಅವನ ನಾಲಗೆಗೆ ಬರುತ್ತದೆ. ಆಸ್ಟ್ರೇಲಿಯಾದಲ್ಲಾದರೋ ಅನೇಕ ವೃದ್ಧರು ತಮ್ಮನ್ನು ಹೆಸರಿನಿಂದಲೇ ಕರೆಯಬೇಕೆಂದು ಬಯಸುತ್ತಾರೆ. ಹಿರಿಯರಿಗೆ ಶ್ರಮ ಕೊಡಬಾರದೆಂದು ಅವರ ಅಂಗಿಯ ಗುಂಡಿಯನ್ನು ತಾನೇ ಹಾಕಲು ಇವನು ಧಾವಿಸುತ್ತಾನೆ. ಅವರೇ ನಿಧಾನವಾಗಿ ಹಾಕಿಕೊಳ್ಳುವವರೆಗೆ ಕಾದು ನಿಲ್ಲುವುದೇ ನಿಜವಾದ ಸೇವೆಯೆಂದು ಅಲ್ಲಿ ಕಲಿಸುತ್ತಾರೆ. ಏಕೆಂದರೆ ಬಳಸದ ಕೈ ಬೇಗನೆ ಶಕ್ತಿಗುಂದುತ್ತದೆ. ಹಳೆಯ ಸಂಸ್ಕಾರವನ್ನು ಬಿಡದೆಯೇ ಹೊಸ ರೀತಿಯನ್ನು ಅರಿಯುವ ತಾಳ್ಮೆ ಇಲ್ಲಿ ಬೇಕಾಗುತ್ತದೆ.

ಆದರೆ ಪರದೇಶದವನೆಂಬುದೇ ಕೆಲವೊಮ್ಮೆ ಅವನ ಬಲವೂ ಆಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಇಟಲಿ, ಗ್ರೀಸ್ ಮುಂತಾದ ದೇಶಗಳಿಂದ ಲಕ್ಷಾಂತರ ಜನ ಆಸ್ಟ್ರೇಲಿಯಾಕ್ಕೆ ವಲಸೆ ಬಂದರು. ಇಂಥವರಲ್ಲಿ ಮುಪ್ಪಿನ ಮರೆವಿನ ಕಾಯಿಲೆಗೆ ತುತ್ತಾದ ಕೆಲವರು, ನಡುವಯಸ್ಸಿನಲ್ಲಿ ಕಲಿತ ಇಂಗ್ಲಿಷನ್ನು ಮರೆತು ತಾಯ್ನುಡಿಗೆ ಹಿಂತಿರುಗುತ್ತಾರೆ. ಆಗ ಅವರ ಭಾಷೆಯನ್ನು ಬಲ್ಲ ಸೇವಕನೊಬ್ಬನು ಔಷಧಕ್ಕಿಂತ ಮಿಗಿಲಾಗುತ್ತಾನೆ. ಭಾಷೆ ತಿಳಿಯದಿದ್ದರೂ, ಪರಭಾಷೆಯ ನಡುವೆ ಒಂಟಿಯಾಗಿರುವ ನೋವನ್ನು ತಾನೇ ಉಂಡ ವಿದ್ಯಾರ್ಥಿಯು ಆ ವೃದ್ಧರ ಮೌನವನ್ನು ಬೇಗ ಅರ್ಥಮಾಡಿಕೊಳ್ಳಬಲ್ಲನು.

ಈ ದಾರಿಯಲ್ಲಿ ಎಚ್ಚರಿಕೆಯೂ ಅವಶ್ಯ. ವಿದೇಶೀ ವಿದ್ಯಾರ್ಥಿಗಳ ಹಿತರಕ್ಷಣೆಗಾಗಿ ಆಸ್ಟ್ರೇಲಿಯಾ 2000ದಲ್ಲಿ ಕಾಯಿದೆಯನ್ನು ಮಾಡಿತು. ಆದರೂ 2009–10ರ ಸುಮಾರಿಗೆ ಹಲವು ಖಾಸಗಿ ವೃತ್ತಿ ಕಾಲೇಜುಗಳು ಮುಚ್ಚಿ, ಶುಲ್ಕ ತೆತ್ತ ವಿದ್ಯಾರ್ಥಿಗಳು ದಿಕ್ಕುಗೆಟ್ಟರು. 2012ರಲ್ಲಿ ಅಂಥವರಿಗೆ ಬೇರೆ ಕಾಲೇಜನ್ನು ಒದಗಿಸುವ ಇಲ್ಲವೆ ಶುಲ್ಕವನ್ನು ಹಿಂತಿರುಗಿಸುವ ವ್ಯವಸ್ಥೆ ಜಾರಿಗೆ ಬಂದಿತು. ವಿದ್ಯಾರ್ಥಿಯು ಓದಿನ ಅವಧಿಯಲ್ಲಿ ಸಂಪಾದನೆಗಾಗಿ ದುಡಿಯಬಹುದಾದ ಸಮಯಕ್ಕೂ ಮಿತಿಯುಂಟು. 2023ರ ಜುಲೈಯಿಂದ ಅದು ಎರಡು ವಾರಕ್ಕೆ 48 ಗಂಟೆ. ನೌಕರಿ ಖಂಡಿತ, ನೆಲೆಸುವ ಹಕ್ಕು ಖಂಡಿತ ಎಂದು ಆಸೆ ತೋರಿಸುವ ಮಧ್ಯವರ್ತಿಗಳ ಮಾತನ್ನು ಪರೀಕ್ಷಿಸದೆ ನಂಬಬಾರದು. ನೆಲೆಸುವ ಆಸೆಯೊಂದರಿಂದಲೇ ಈ ವಿದ್ಯೆಗೆ ಕೈಹಾಕಿದವನು ತನಗೂ ನ್ಯಾಯ ಮಾಡಿಕೊಳ್ಳಲಾರ, ತನ್ನ ಕೈಗೆ ತಮ್ಮ ದೇಹವನ್ನು ಒಪ್ಪಿಸಿದ ವೃದ್ಧರಿಗೂ ನ್ಯಾಯ ಮಾಡಲಾರ.

ಈ ವಿದ್ಯೆಯನ್ನು ಕಲಿಯಲು ಎಲ್ಲರೂ ಕಡಲನ್ನು ದಾಟಬೇಕಾಗಿಲ್ಲ. ನಮ್ಮ ಮನೆಗಳಲ್ಲಿಯೂ ವೃದ್ಧರಿದ್ದಾರೆ. ನಮ್ಮ ಬೀದಿಗಳಲ್ಲಿಯೂ ಅಸಹಾಯಕರಿದ್ದಾರೆ. ಅವರಿಗೆ ನೆರವಾಗಲು ಕೈ ಚಾಚುವ ಮೊದಲು "ನಿಮಗೆ ಏನು ಬೇಕು?" ಎಂದು ಕೇಳಿ, ಉತ್ತರ ಬರುವವರೆಗೂ ಕಾಯುವುದು ಸೇವಾವಿದ್ಯೆಯ ಮೊದಲ ಪಾಠ. ಕರುಣೆ ಹುಟ್ಟಿನಿಂದ ಬರಬಹುದು. ಆದರೆ ಕರುಣೆಯನ್ನು ಪರರಿಗೆ ನೋವಾಗದಂತೆ ಬಳಸುವ ಬಗೆಯನ್ನು ಕಲಿತೇ ಪಡೆಯಬೇಕು.

ಅಭ್ಯಾಸ

1. ದಿನದ ವರದಿಯಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಏಕೆ?
2. "ಕೇಳದೆ ಮಾಡಿದ ಉಪಕಾರ ಅಪಕಾರವಾಗಬಲ್ಲುದು" – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
3. ಪರದೇಶದಿಂದ ಬಂದ ವಿದ್ಯಾರ್ಥಿಯ ಕಷ್ಟಗಳೇನು? ಅವನ ಬಲವೇನು?
4. ನಿಮ್ಮ ನೆರೆಯ ವೃದ್ಧರೊಬ್ಬರಿಗೆ ಯಾವ ನೆರವು ಬೇಕೆಂದು ಅವರನ್ನೇ ಕೇಳಿ ತಿಳಿದು, ಹತ್ತು ವಾಕ್ಯಗಳಲ್ಲಿ ಬರೆಯಿರಿ.